8 ಜಿಬಿ ಲ್ಯಾಪ್‌ಟಾಪಲ್ಲಿ ಯೋಕ್ಟೊ ಬಿಲ್ಡ್ ಅರ್ಧಕ್ಕೇ ಸಾಯುತ್ತೆ, ಹುಳು ಮನೆ ಪೆಟ್ಟಿಗೆಗೆ ಇಮೇಜ್ ಬೇಕು

ಗೂಡು_ಮಾರ್ಕೆಟ್ (ಶಿಡ್ಲಘಟ್ಟ)

ನಮ್ದು ರೇಷ್ಮೆ ಮನೆ. ಹುಳು ಮನೆಯ ಉಷ್ಣಾಂಶ, ತೇವಾಂಶ ನೋಡಿ ಫ್ಯಾನು ಮತ್ತೆ ಹ್ಯುಮಿಡಿಫೈಯರ್ ಆನ್-ಆಫ್ ಮಾಡೋ ಒಂದು ಪೆಟ್ಟಿಗೆ ಕಟ್ಟಿದ್ದೀನಿ. ರಾಸ್ಪ್‌ಬೆರಿ ಪೈ 3, ಎಸ್‌ಎಚ್‌ಟಿ31 ಸೆನ್ಸರ್, ಎರಡು ರಿಲೇ, ಒಂದು ಯುಎಸ್‌ಬಿ ಕ್ಯಾಮೆರಾ. ಇಲ್ಲೀವರೆಗೂ ರಾಸ್ಪ್‌ಬೆರಿ ಪೈ ಓಎಸ್ ಮೇಲೆ ಪೈಥಾನ್ ಸ್ಕ್ರಿಪ್ಟ್ ಓಡ್ತಿತ್ತು. ತೊಂದರೆ ಏನಂದ್ರೆ ಕರೆಂಟ್ ಹೋಗಿ ಬಂದು ಮಾಡಿದಾಗ ಎಸ್‌ಡಿ ಕಾರ್ಡಿನ ಫೈಲ್ ಸಿಸ್ಟಮ್ ಕೆಟ್ಟು ಬೋರ್ಡ್ ಏಳೋದೇ ಇಲ್ಲ. ನಾಲ್ಕನೇ ಜ್ವರ (ಹುಳು ಪೊರೆ ಬಿಡೋ ಹೊತ್ತು) ಎದ್ದ ಮೇಲೆ ಹುಳಕ್ಕೆ 24-26 ಡಿಗ್ರಿ ಬೇಕು, ತೇವ 70ರ ಆಸುಪಾಸು. ಆ ಹೊತ್ತಲ್ಲಿ ಪೆಟ್ಟಿಗೆ ಮಲಗಿದ್ರೆ ನಮ್ಮಪ್ಪ ನನ್ನನ್ನ ಚಂದ್ರಿಕೆ (ಹುಳು ಗೂಡು ಕಟ್ಟೋ ತಟ್ಟೆ) ಮೇಲೆ ಬಿಡ್ತಾರೆ.

ರೀಡ್-ಓನ್ಲಿ ರೂಟ್ (ಓದೋಕೆ ಮಾತ್ರ ಬರೋ ಮೂಲ ಫೈಲ್ ಸಿಸ್ಟಮ್) ಇರೋ ಸ್ವಂತ ಇಮೇಜ್ (ಕಾರ್ಡಿಗೆ ಬರೆಯೋ ಪೂರ್ತಿ ಸಿಸ್ಟಮ್) ಮಾಡ್ಕೋ, ಅದನ್ನ ಕಟ್ಟೋ ಸಾಧನ ಯೋಕ್ಟೊ ಕಲಿ ಅಂತ ಒಬ್ರು ಹೇಳಿದ್ರು. ವಿಂಡೋಸ್ 11, ಡಬ್ಲ್ಯೂಎಸ್‌ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋದು), ಅದರಲ್ಲಿ ಉಬುಂಟು 22.04. ಲ್ಯಾಪ್‌ಟಾಪ್ 8 ಜಿಬಿ ರ‍್ಯಾಮ್, 8 ಥ್ರೆಡ್. ಪೋಕಿಯ (ಯೋಕ್ಟೊದ ಮೂಲ ಕೋಡ್) ಸ್ಕಾರ್ತ್‌ಗ್ಯಾಪ್ ಆವೃತ್ತಿಯ ಶಾಖೆ ತಗೊಂಡೆ. ಡಿ ಡ್ರೈವಲ್ಲಿ ಜಾಗ ಇದೆ ಅಂತ ಅಲ್ಲಿಟ್ರೆ ‘ಕೇಸ್-ಇನ್‌ಸೆನ್ಸಿಟಿವ್ ಫೈಲ್ ಸಿಸ್ಟಮ್’ ಅಂತ ಬೈದು ಶುರುನೇ ಆಗಲ್ಲ. ಲಿನಕ್ಸ್ ಹೋಮ್‌ಗೆ ತಂದ್ರೆ ಶುರುವಾಗುತ್ತೆ, ಆದ್ರೆ ಎಲ್ಲೋ ಒಂದ್ಕಡೆ ಸಾಯುತ್ತೆ. ಒಂದ್ಸಲ ಜಿಸಿಸಿ-ಕ್ರಾಸ್‌ನಲ್ಲಿ, ಇನ್ನೊಂದ್ಸಲ ಬೇರೆ ಕಡೆ. ವಿಡಿಯೊದಲ್ಲಿ ನೋಡಿದ ಹಾಗೆ ‘ಕೋರ್-ಇಮೇಜ್-ಸಾಟೊ’ ಬಿಲ್ಡ್ ಮಾಡ್ತಿದ್ದೀನಿ. ಯಾರಾದ್ರೂ ದಾರಿ ತೋರಿಸಿ.

ರಾಗಿಹೊಲ (ಬಂಗಾರಪೇಟೆ)

ಒಂದು ಸೆನ್ಸರ್, ಎರಡು ರಿಲೇಗೆ ಲಿನಕ್ಸ್ ಯಾಕೆ ಗುರು? ಇಎಸ್‌ಪಿ32 ಹಾಕು, ಕರೆಂಟ್ ಹೋಗ್ಲಿ ಬರ್ಲಿ ಅದಕ್ಕೇನೂ ಆಗಲ್ಲ. ಫೈಲ್ ಸಿಸ್ಟಮ್ಮೇ ಬೇಕಾಗಿಲ್ಲ.

ಗೂಡು_ಮಾರ್ಕೆಟ್ (ಶಿಡ್ಲಘಟ್ಟ)

ಕ್ಯಾಮೆರಾ ಇದೆ ಅಣ್ಣ. ಹುಳು ಹಣ್ಣಾಗಿರೋದನ್ನ (ಗೂಡು ಕಟ್ಟೋಕೆ ಸಿದ್ಧ ಆಗಿರೋದನ್ನ) ಚಿತ್ರದಲ್ಲಿ ಗುರುತಿಸೋಕೆ ನೋಡ್ತಿದ್ದೀನಿ. ಜೊತೆಗೆ 4ಜಿ ಡಾಂಗಲ್, ಒಂದು ಬೆಳೆ ಪೂರ್ತಿ ದಾಖಲೆ. ಮೂರು ಹುಳು ಮನೆಗೆ ಮೂರು ಪೆಟ್ಟಿಗೆ.

ರಾಗಿಹೊಲ (ಬಂಗಾರಪೇಟೆ)

ಸರಿ ಹಾಗಾದ್ರೆ. ಆದ್ರೂ ರಿಲೇ ಕೆಲಸನ ಲಿನಕ್ಸ್ ಕೈಗೆ ಕೊಡ್ಬೇಡ. ಫ್ಯಾನ್ ಹಾಕೋದು ಆರಿಸೋದು ಒಂದು ಚಿಕ್ಕ ಮೈಕ್ರೊಕಂಟ್ರೋಲರ್ ಮಾಡ್ಲಿ, ಲೆಕ್ಕ-ಚಿತ್ರ ಎಲ್ಲ ಪೈ ನೋಡ್ಕೊಳ್ಳಲಿ. ಪೈ ಸತ್ತರೂ ಹುಳು ಬದುಕುತ್ತೆ.

ಕಲ್ಪತರು_ಕರ್ನಲ್ (ತುಮಕೂರು)

ಮೇಲಿನವರು ಹೇಳಿದ್ದನ್ನ ಗೋಡೆಗೆ ಅಂಟಿಸ್ಕೊ. ಈಗ ಬಿಲ್ಡ್ ವಿಷಯ.

ನಿನ್ನ ಲಾಗಲ್ಲಿ ‘ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಮ್ ಸಿಸಿ1ಪ್ಲಸ್’ ಅನ್ನೋ ಸಾಲು ಇದ್ಯಾ? ‘ಡಿಎಂಇಎಸ್‌ಜಿ’ (ಕರ್ನಲ್ ಲಾಗ್ ತೋರಿಸೋ ಆಜ್ಞೆ) ಕೊಟ್ಟು ನೋಡು, ‘ಔಟ್ ಆಫ್ ಮೆಮೊರಿ’ ಅಂತ ಇರುತ್ತೆ. ನಿನ್ನ ಲ್ಯಾಪ್‌ಟಾಪಲ್ಲಿ 8 ಜಿಬಿ ಇದ್ರೂ ಡಬ್ಲ್ಯೂಎಸ್‌ಎಲ್ ತಾನಾಗಿ ತಗೊಳ್ಳೋದು ಅದರ ಅರ್ಧ. ಅಂದ್ರೆ ನಿನ್ನ ಉಬುಂಟುಗೆ ಸಿಕ್ಕಿರೋದು 4. ಸ್ಕಾರ್ತ್‌ಗ್ಯಾಪ್ ಕೈಪಿಡಿ ಕೇಳೋದೇ ಕನಿಷ್ಠ 8 ಜಿಬಿ ರ‍್ಯಾಮ್, 90 ಜಿಬಿ ಖಾಲಿ ಜಾಗ.

ಎರಡನೇದು ಗುಣಾಕಾರ. ಬಿಟ್‌ಬೇಕ್ (ಯೋಕ್ಟೊದ ಬಿಲ್ಡ್ ನಡೆಸೋ ಪ್ರೋಗ್ರಾಮ್) ಒಂದೇ ಹೊತ್ತಿಗೆ ಎಷ್ಟು ಕೆಲಸ ಹಚ್ಚಬೇಕು ಅನ್ನೋದು ‘ಬಿಬಿ_ನಂಬರ್_ಥ್ರೆಡ್ಸ್’. ಆ ಒಂದೊಂದು ಕೆಲಸದೊಳಗೆ ಮೇಕ್ ಎಷ್ಟು ಕಂಪೈಲರ್ ಹುಟ್ಟಿಸಬೇಕು ಅನ್ನೋದು ‘ಪ್ಯಾರಲಲ್_ಮೇಕ್’. ಏನೂ ಹೇಳದಿದ್ರೆ ಎರಡೂ ನಿನ್ನ ಥ್ರೆಡ್ ಸಂಖ್ಯೆಯನ್ನೇ ಹಿಡಿಯುತ್ತವೆ. 8 ಇಂಟು 8, ಕೆಟ್ಟ ಗಳಿಗೆ ಬಂದ್ರೆ 64 ಕಂಪೈಲರ್ 4 ಜಿಬಿಯಲ್ಲಿ ಕಿತ್ತಾಡ್ತವೆ. ಸಿ ಭಾಷೆಯ ಫೈಲಾದ್ರೆ ಹೇಗೋ ಸಾಗುತ್ತೆ, ಸಿ ಪ್ಲಸ್ ಪ್ಲಸ್ ದೊಡ್ಡ ಫೈಲುಗಳು ಒಂದೊಂದೇ ನೂರಾರು ಎಂಬಿ ನುಂಗ್ತವೆ. ಯಾವ ಎರಡು ದೈತ್ಯರು ಜೊತೆಗೆ ಬಿದ್ದರೋ ಅಲ್ಲಿ ಸಾವು. ಅದಕ್ಕೇ ಪ್ರತಿ ಸಲ ಬೇರೆ ಬೇರೆ ಕಡೆ ಸಾಯ್ತಿದೆ. ನಿನ್ನ ರೆಸಿಪಿಗಳು (ಒಂದೊಂದು ಪ್ಯಾಕೇಜ್ ಹೇಗೆ ಕಟ್ಟಬೇಕು ಅನ್ನೋ ಫೈಲ್) ಸರಿಯಾಗೇ ಇವೆ.

ಮಾಡ್ಬೇಕಾದ್ದು: ವಿಂಡೋಸ್‌ನ ನಿನ್ನ ಯೂಸರ್ ಫೋಲ್ಡರಲ್ಲಿ ‘ಡಾಟ್ ಡಬ್ಲ್ಯೂಎಸ್‌ಎಲ್‌ಕಾನ್ಫಿಗ್’ ಅಂತ ಒಂದು ಫೈಲ್, ಅದರಲ್ಲಿ ಮೆಮೊರಿ 6 ಜಿಬಿ, ಸ್ವಾಪ್ 8 ಜಿಬಿ. ಆಮೇಲೆ ‘ಡಬ್ಲ್ಯೂಎಸ್‌ಎಲ್ --ಶಟ್‌ಡೌನ್’ ಕೊಟ್ಟು ಮತ್ತೆ ತೆರೆ. ಬಿಲ್ಡ್ ಸೆಟ್ಟಿಂಗ್ ಫೈಲ್ ‘ಲೋಕಲ್ ಡಾಟ್ ಕಾನ್ಫ್’ನಲ್ಲಿ ಬಿಬಿ_ನಂಬರ್_ಥ್ರೆಡ್ಸ್ 2, ಪ್ಯಾರಲಲ್_ಮೇಕ್ ‘-ಜೆ 3’. ನಿಧಾನ ಆಗುತ್ತೆ. ಸಾಯೋದಕ್ಕಿಂತ ನಿಧಾನ ವಾಸಿ.

ಮತ್ತೆ ಸಾಟೊ ಬಿಡು. ಅದು ಪರದೆ, ಕಿಟಕಿ, ಮೆನು ಇರೋ ಇಮೇಜ್. ಹುಳುಗೆ ಮೆನು ಯಾಕೆ? ಮೊದಲು ‘ಕೋರ್-ಇಮೇಜ್-ಮಿನಿಮಲ್’.

(ಈ ವೇದಿಕೆಯಲ್ಲಿ ಆಜ್ಞೆನೂ ಕನ್ನಡದಲ್ಲೇ ಬರೀತೀವಿ. ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರ ನೀವೇ ಹಾಕ್ಕೊಳ್ಳಿ.)

ಕೆಜಿಎಫ್_ಶಾಫ್ಟ್ (ಕೆಜಿಎಫ್)

ನಾನು ಇಲ್ಲಿ ಒಂದು ಲ್ಯಾಬ್ ನೋಡಿಕೊಳ್ಳುತ್ತೇನೆ. ಹುಡುಗರು ಬಿಲ್ಡ್ ಮೆಷಿನ್ ಅಂದರೆ ಪ್ಯಾಕೇಜ್ ಹಾಕುವುದು ಅಂದುಕೊಳ್ಳುತ್ತಾರೆ. ‘ಆಪ್ಟ್’ ಸಾಲನ್ನು ಕೈಪಿಡಿಯಿಂದ ತೆಗೆದು ಅಂಟಿಸಿದರೆ ಆ ಭಾಗ ಮುಗಿಯಿತು: ಗಾಕ್, ಸಿಎಚ್‌ಆರ್‌ಪಾತ್, ಡಿಫ್‌ಸ್ಟ್ಯಾಟ್, ಟೆಕ್ಸ್‌ಇನ್ಫೊ, ಎಲ್‌ಝಡ್4, ಝಡ್‌ಸ್ಟ್ಯಾಂಡರ್ಡ್, ಪೈಥಾನಿನ ಕೆಲವು ಮಾಡ್ಯೂಲುಗಳು. ಒಂದು ಬಿಟ್ಟುಹೋದರೆ ಸಾಮಾನ್ಯವಾಗಿ ಬಿಟ್‌ಬೇಕ್ ಹೆಸರು ಹಿಡಿದು ಕೇಳುತ್ತದೆ. ನಿಜವಾದ ಸೆಟಪ್ ಯಾವ ಕಡತ ಎಲ್ಲಿರಬೇಕು ಎಂದು ತೀರ್ಮಾನಿಸುವುದು. ಅದನ್ನು ಯಾವ ವಿಡಿಯೊದವರೂ ಹೇಳುವುದಿಲ್ಲ.

ಯೋಕ್ಟೊದಲ್ಲಿ ಮೂರು ಗುಡ್ಡೆ. ‘ಡೌನ್‌ಲೋಡ್ಸ್’: ಇಂಟರ್ನೆಟ್‌ನಿಂದ ಬಂದ ಮೂಲ ಕೋಡ್. ‘ಎಸ್‌ಸ್ಟೇಟ್-ಕ್ಯಾಶ್’: ಒಮ್ಮೆ ಕಂಪೈಲ್ ಆಗಿ ಮುಗಿದದ್ದರ ಗಂಟು. ‘ಟಿಎಂಪಿ’: ಈಗ ನಡೆಯುತ್ತಿರುವ ಕೆಲಸ. ಸುಮ್ಮನೆ ಬಿಟ್ಟರೆ ಮೂರೂ ಬಿಲ್ಡ್ ಡೈರೆಕ್ಟರಿಯೊಳಗೇ ಬೆಳೆಯುತ್ತವೆ. ಏನೋ ಕೆಟ್ಟಿತು ಎಂದು ಹುಡುಗ ಇಡೀ ಬಿಲ್ಡ್ ಫೋಲ್ಡರ್ ಅಳಿಸುತ್ತಾನೆ. ಅದರ ಜೊತೆ ಡೌನ್‌ಲೋಡೂ ಹೋಯಿತು, ಕಂಪೈಲ್ ಆದದ್ದೂ ಹೋಯಿತು, ಮೊಬೈಲ್ ಹಾಟ್‌ಸ್ಪಾಟಿನ ಆ ದಿನದ ಡೇಟಾವೂ ಹೋಯಿತು.

ಆದ್ದರಿಂದ ಮೊದಲ ದಿನವೇ ‘ಲೋಕಲ್ ಡಾಟ್ ಕಾನ್ಫ್’ನಲ್ಲಿ ‘ಡಿಎಲ್_ಡಿಐಆರ್’ ಮತ್ತು ‘ಎಸ್‌ಸ್ಟೇಟ್_ಡಿಐಆರ್’ ಎರಡನ್ನೂ ಬಿಲ್ಡ್ ಡೈರೆಕ್ಟರಿಯ ಆಚೆಗೆ ತೋರಿಸಿ. ಆಮೇಲೆ ಟಿಎಂಪಿ ಅಳಿಸಲು ಹೆದರಬೇಕಾಗಿಲ್ಲ. ಎಸ್‌ಸ್ಟೇಟ್ ಇದ್ದರೆ ಮತ್ತೆ ಕಟ್ಟುವುದು ಬೇಗ ಮುಗಿಯುತ್ತದೆ. ಟಿಎಂಪಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿ ಇಡಬೇಡಿ, ‘ಟಿಎಂಪಿಡಿಐಆರ್ ಜಾಗ ಬದಲಾಗಿದೆ’ ಎಂದು ಬಿಟ್‌ಬೇಕ್ ನಿಲ್ಲುತ್ತದೆ. ಅಳಿಸಿ ಕಟ್ಟುವುದೇ ಸರಿ.

ಜಾಗ ಕಡಿಮೆ ಇದ್ದರೆ ‘ಇನ್‌ಹೆರಿಟ್’ಗೆ ‘ಆರ್‌ಎಂ_ವರ್ಕ್’ ಸೇರಿಸಿ. ಒಂದೊಂದು ರೆಸಿಪಿ ಮುಗಿದ ಹಾಗೆ ಅದರ ಕೆಲಸದ ಫೋಲ್ಡರ್ ಅಳಿಸಿಕೊಂಡು ಹೋಗುತ್ತದೆ. ನೀವು ಕೈಯಾಡಿಸುತ್ತಿರುವ ರೆಸಿಪಿಯನ್ನು ಮಾತ್ರ ‘ಆರ್‌ಎಂ_ವರ್ಕ್_ಎಕ್ಸ್‌ಕ್ಲೂಡ್’ಗೆ ಹಾಕಿ, ಇಲ್ಲದಿದ್ದರೆ ದೋಷ ಹುಡುಕಲು ಹೋದಾಗ ಅಲ್ಲಿ ಏನೂ ಉಳಿದಿರುವುದಿಲ್ಲ.

ಪಾವಗಡ_ಬಿಸಿಲು (ಪಾವಗಡ)

ಇದೇ ಜಾಗದಲ್ಲಿ ನಂದೂ ಒಂದು ಕೇಳ್ಬಿಡ್ತೀನಿ. ನಾನು ಡಬ್ಲ್ಯೂಎಸ್‌ಎಲ್ ಅಲ್ಲ, ನೇರ ಉಬುಂಟು 24.04. ಬಿಟ್‌ಬೇಕ್ ಕೊಟ್ಟ ತಕ್ಷಣ ‘ಯೂಸರ್ ನೇಮ್‌ಸ್ಪೇಸ್ ಬಳಸೋಕಾಗ್ತಿಲ್ಲ, ಆಪ್‌ಆರ್ಮರ್ ಕಾರಣ ಇರಬಹುದು’ ಅಂತ ಬರುತ್ತೆ. ಒಂದು ರೆಸಿಪಿನೂ ಓಡಿಲ್ಲ.

ಕಲ್ಪತರು_ಕರ್ನಲ್ (ತುಮಕೂರು)

24.04 ಬಂದಾಗಿನಿಂದ ಇದು ಎಲ್ಲರಿಗೂ ಬರೋದೇ. ಸಾಮಾನ್ಯ ಯೂಸರ್ ಹೊಸ ನೇಮ್‌ಸ್ಪೇಸ್ (ಪ್ರೋಗ್ರಾಮನ್ನ ಉಳಿದ ಸಿಸ್ಟಮ್‌ನಿಂದ ಬೇರೆ ಇಡೋ ಆವರಣ) ಮಾಡ್ಕೊಳ್ಳೋದನ್ನ ಉಬುಂಟು ತನ್ನ ಕಾವಲು ವ್ಯವಸ್ಥೆ ಆಪ್‌ಆರ್ಮರ್ ಮೂಲಕ ತಡೆದಿದೆ. ಬಿಟ್‌ಬೇಕ್‌ಗೆ ಅದು ಬೇಕು. ಫೆಚ್ (ಮೂಲ ಕೋಡ್ ಇಳಿಸೋದು) ಬಿಟ್ಟು ಉಳಿದ ಹಂತಗಳಿಗೆ ನೆಟ್‌ವರ್ಕ್ ಸಿಗದ ಹಾಗೆ ಮಾಡೋದು ಅದರಿಂದಲೇ. ಕಂಪೈಲ್ ಮಧ್ಯೆ ಯಾವುದೋ ಸ್ಕ್ರಿಪ್ಟ್ ಕದ್ದು ಇಂಟರ್ನೆಟ್‌ನಿಂದ ಏನೋ ಎಳ್ಕೊಂಡ್ರೆ ನಾಳೆ ಅದೇ ಇಮೇಜ್ ಮತ್ತೆ ಹುಟ್ಟಲ್ಲ ನೋಡು, ಅದಕ್ಕೆ.

‘ಸಿಸ್‌ಕಂಟ್ರೋಲ್’ನಲ್ಲಿ ‘ಕರ್ನಲ್ ಡಾಟ್ ಆಪ್‌ಆರ್ಮರ್_ರಿಸ್ಟ್ರಿಕ್ಟ್_ಅನ್‌ಪ್ರಿವಿಲೆಜ್ಡ್_ಯೂಸರ್‌ಎನ್‌ಎಸ್’ ಅನ್ನೋದನ್ನ 0 ಮಾಡಿದ್ರೆ ಹೋಗುತ್ತೆ. ಇಡೀ ಮೆಷಿನ್ನಿಗೆ ತಡೆ ತೆಗೆಯೋದು ಬೇಡ ಅನ್ನಿಸಿದ್ರೆ ಬಿಟ್‌ಬೇಕ್‌ಗೆ ಮಾತ್ರ ಒಂದು ಆಪ್‌ಆರ್ಮರ್ ಪ್ರೊಫೈಲ್ ಬರೆ. ದಿನಾ ಬ್ಯಾಂಕಿಂಗ್ ಮಾಡೋ ಲ್ಯಾಪ್‌ಟಾಪ್ ಆದ್ರೆ ಪ್ರೊಫೈಲ್ ಒಳ್ಳೇದು. ‘ಸುಡೊ ಬಿಟ್‌ಬೇಕ್’ ಅಂತ ಮಾತ್ರ ಹೋಗ್ಬೇಡ, ರೂಟ್ ಆಗಿ ಓಡಿಸಿದ್ರೆ ಅದು ಬಾಗಿಲಲ್ಲೇ ವಾಪಸ್ ಕಳಿಸುತ್ತೆ.

ಪಾವಗಡ_ಬಿಸಿಲು (ಪಾವಗಡ)

ಆಯ್ತು, ಓಡ್ತಿದೆ. ಇನ್ನೊಂದು ‘ಇಎನ್_ಯುಎಸ್ ಯುಟಿಎಫ್-8 ಲೊಕೇಲ್ (ಭಾಷೆಯ ಸೆಟ್ಟಿಂಗ್) ಇಲ್ಲ’ ಅಂತ ಬಂತು. ನಂದು ಉಬುಂಟು ಪೂರ್ತಿ ಕನ್ನಡದಲ್ಲಿದೆ. ‘ಲೊಕೇಲ್-ಜೆನ್’ನಲ್ಲಿ ಅದನ್ನ ಸೇರಿಸಿದೆ, ಸರಿಹೋಯ್ತು. ಮೆನು ಕನ್ನಡದಲ್ಲೇ ಇರಲಿ ಅನ್ನೋರು ಹೆದರ್ಬೇಡಿ, ಇಂಗ್ಲಿಷ್ ಲೊಕೇಲ್ ಪಕ್ಕದಲ್ಲಿ ಇದ್ರೆ ಸಾಕು.

ನಂದಿ_ತಪ್ಪಲು (ಚಿಕ್ಕಬಳ್ಳಾಪುರ)

ಎಲ್ಲರೂ ಯೋಕ್ಟೊಗೇ ಯಾಕೆ ಹಾರ್ತಿದ್ದೀರ? ಈ ಹುಡುಗನ ಹತ್ರ ಇರೋದು ಒಂದು ಬೋರ್ಡ್, ಒಂದು ಸ್ಕ್ರಿಪ್ಟ್, ಮೂರು ಪೆಟ್ಟಿಗೆ. ಇಮೇಜ್ ಕಟ್ಟೋ ಇನ್ನೊಂದು ಸಾಧನ ಬಿಲ್ಡ್‌ರೂಟ್ ಸಾಕು. ‘ಮೇಕ್ ರಾಸ್ಪ್‌ಬೆರಿಪೈ3_64_ಡೆಫ್‌ಕಾನ್ಫಿಗ್’, ಆಮೇಲೆ ‘ಮೇಕ್ ಮೆನುಕಾನ್ಫಿಗ್’ನಲ್ಲಿ ಪೈಥಾನ್ ಟಿಕ್ ಹಾಕು, ಆಮೇಲೆ ‘ಮೇಕ್’. ‘ಔಟ್‌ಪುಟ್’ ಒಳಗಿನ ‘ಇಮೇಜಸ್’ನಲ್ಲಿ ಎಸ್‌ಡಿ ಕಾರ್ಡಿನ ಇಮೇಜ್ ಕೂತಿರುತ್ತೆ. ಲೇಯರ್ (ರೆಸಿಪಿಗಳ ಗುಂಪು) ಇಲ್ಲ, ರೆಸಿಪಿ ಇಲ್ಲ, ಎಲ್ಲ ಮೇಕ್‌ಫೈಲ್, ಎಲ್ಲ ಕಣ್ಣಿಗೆ ಕಾಣುತ್ತೆ. 2001ರಲ್ಲಿ ಯುಸಿಲಿಬ್‌ಸಿ (ಚಿಕ್ಕ ಸಾಧನಗಳ ಸಿ ಲೈಬ್ರರಿ) ಪರೀಕ್ಷೆ ಮಾಡೋಕೆ ಅಂತ ಹುಟ್ಟಿದ್ದು, ಆ ಸರಳತೆ ಇನ್ನೂ ಉಳಿಸ್ಕೊಂಡಿದೆ. 8 ಜಿಬಿ ಲ್ಯಾಪ್‌ಟಾಪಿಗೂ ಹೇಳಿ ಮಾಡಿಸಿದ್ದು, ಯಾಕಂದ್ರೆ ಮಾಮೂಲಿಯಾಗಿ ಒಂದು ಸಲಕ್ಕೆ ಒಂದೇ ಪ್ಯಾಕೇಜ್ ಕಟ್ಟುತ್ತೆ. ಕರ್ನಲ್ ಅವ್ರು ಹೇಳಿದ 64ರ ಜಾತ್ರೆ ಇಲ್ಲಿಲ್ಲ.

ರೀಡ್-ಓನ್ಲಿ ರೂಟ್ ಬೇಕು ಅಂದ್ರೆ ಸಿಸ್ಟಮ್ ಕಾನ್ಫಿಗರೇಶನ್ ಮೆನುವಲ್ಲಿ ‘ಬೂಟ್ ಆಗುವಾಗ ರೂಟ್ ಫೈಲ್ ಸಿಸ್ಟಮನ್ನ ರೀಡ್-ರೈಟ್ ಆಗಿ ರೀಮೌಂಟ್ ಮಾಡು’ ಅನ್ನೋ ಟಿಕ್ ತೆಗಿ. ಅಷ್ಟೇ.

ಡಬ್ಲ್ಯೂಎಸ್‌ಎಲ್‌ನಲ್ಲಿ ಒಂದೇ ತಕರಾರು: ವಿಂಡೋಸಿನ ‘ಪಾತ್’ ಪೂರ್ತಿ ಒಳಗೆ ಬರುತ್ತೆ, ‘ಪ್ರೋಗ್ರಾಮ್ ಫೈಲ್ಸ್’ನ ನಡುವಿನ ಖಾಲಿ ಜಾಗ ನೋಡಿ ಬಿಲ್ಡ್‌ರೂಟ್ ಮುಂದಕ್ಕೆ ಹೋಗಲ್ಲ. ‘ಡಬ್ಲ್ಯೂಎಸ್‌ಎಲ್ ಡಾಟ್ ಕಾನ್ಫ್’ನ ‘ಇಂಟರಾಪ್’ ವಿಭಾಗದಲ್ಲಿ ‘ಅಪೆಂಡ್‌ವಿಂಡೋಸ್‌ಪಾತ್’ ಫಾಲ್ಸ್ ಮಾಡು.

ಕಲ್ಪತರು_ಕರ್ನಲ್ (ತುಮಕೂರು)

ಬಿಲ್ಡ್‌ರೂಟ್ ಬೇಡ ಅನ್ನಲ್ಲ. ಆದ್ರೆ ಒಂದು ಪ್ಯಾಕೇಜಿನ ಆಯ್ಕೆ ತೆಗೆದ್ರೆ ಅದರ ಫೈಲುಗಳು ಟಾರ್ಗೆಟ್ ಫೋಲ್ಡರಿಂದ ತಾವಾಗೇ ಹೋಗಲ್ಲ. ಟೂಲ್‌ಚೈನ್ (ಕಂಪೈಲರ್ ಮತ್ತದರ ಜೊತೆಗಾರರು) ಆಯ್ಕೆ ಮುಟ್ಟಿದ್ರೆ ‘ಮೇಕ್ ಕ್ಲೀನ್’, ಮೊದಲಿಂದ. ಅವನು ಕ್ಯಾಮೆರಾ ಅಂತಿದ್ದಾನೆ, ನಾಳೆ ಚಿತ್ರ ಗುರುತಿಸೋ ಲೈಬ್ರರಿ ಓಪನ್‌ಸಿವಿ ಅಂತಾನೆ. ಆ ಲ್ಯಾಪ್‌ಟಾಪಲ್ಲಿ ಪದೇಪದೇ ಮೊದಲಿಂದ ಕಟ್ಟೋದು ಶಿಕ್ಷೆ. ಯೋಕ್ಟೊದ ಎಸ್‌ಸ್ಟೇಟ್ ಬೇಕಾದ್ದನ್ನ ಮಾತ್ರ ಮತ್ತೆ ಕಟ್ಟುತ್ತೆ.

ನಂದಿ_ತಪ್ಪಲು (ಚಿಕ್ಕಬಳ್ಳಾಪುರ)

ಅದೇ ಎಸ್‌ಸ್ಟೇಟ್ ಅರ್ಥ ಆಗೋಕೆ ಒಂದು ವರ್ಷ ಬೇಕು ಸ್ವಾಮಿ. ಹುಳು ಅಷ್ಟು ದಿನ ಕಾಯಲ್ಲ. ಸಿಸಿಕ್ಯಾಶ್ (ಕಂಪೈಲ್ ಆದದ್ದನ್ನ ನೆನಪಿಟ್ಕೊಳ್ಳೋದು) ಟಿಕ್ ಹಾಕಿದ್ರೆ ಬಿಲ್ಡ್‌ರೂಟ್ ಎರಡನೇ ಸಲಕ್ಕೆ ತಕ್ಕಮಟ್ಟಿಗೆ ಬೇಗ ಬರುತ್ತೆ.

ಕೆಜಿಎಫ್_ಶಾಫ್ಟ್ (ಕೆಜಿಎಫ್)

ಇಬ್ಬರೂ ಸರಿ, ಇಬ್ಬರೂ ಬೇರೆ ಊರಿಗೆ ಬಸ್ ಹತ್ತುತ್ತಿದ್ದೀರಿ. ನನ್ನ ಅಭಿಪ್ರಾಯ: ಬೋರ್ಡ್ ಒಂದೇ, ಕಟ್ಟುವವನು ಒಬ್ಬನೇ ಆದರೆ ಬಿಲ್ಡ್‌ರೂಟ್. ಬೋರ್ಡ್ ಬದಲಾಗುವ ಸಾಧ್ಯತೆ ಇದ್ದರೆ, ಇಬ್ಬರು ಮೂವರು ಒಂದೇ ಕೋಡಿನ ಮೇಲೆ ಕೂತರೆ, ಅಥವಾ ಇದೇ ಕೆಲಸಕ್ಕೆ ವೇಮಗಲ್, ನರಸಾಪುರ, ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳ ಕಡೆ ನೌಕರಿ ಹುಡುಕುವ ಯೋಚನೆ ಇದ್ದರೆ ಯೋಕ್ಟೊ ಕೈಗೆ ಅಭ್ಯಾಸವಾಗಿರಲಿ. ಚಿಪ್ ಕಂಪನಿಗಳು ತಮ್ಮ ಬೋರ್ಡುಗಳ ಬಿಎಸ್‌ಪಿಯನ್ನು (ಬೋರ್ಡ್ ಓಡಿಸಲು ಬೇಕಾದ ಕೋಡ್) ಹೆಚ್ಚಾಗಿ ಯೋಕ್ಟೊ ಲೇಯರಾಗಿಯೇ ಕೊಡುತ್ತವೆ.

ಗೂಡು_ಮಾರ್ಕೆಟ್ (ಶಿಡ್ಲಘಟ್ಟ)

ಯೋಕ್ಟೊದಲ್ಲೇ ಹೋಗ್ತೀನಿ. ಪೈ 3 ಇನ್ನೆಷ್ಟು ದಿನ ಸಿಗುತ್ತೋ ಗೊತ್ತಿಲ್ಲ, ಮುಂದೆ ಬೋರ್ಡ್ ಬದಲಾಗೋದು ಗ್ಯಾರಂಟಿ. ಕರ್ನಲ್ ಅಣ್ಣ ಹೇಳಿದ ಹಾಗೆ ಮೆಮೊರಿ, ಥ್ರೆಡ್ ಹಾಕಿದೆ. ಕಂಪೈಲ್ ಸಾಯ್ತಿಲ್ಲ ಈಗ. ಆದ್ರೆ ಫೆಚ್‌ನಲ್ಲಿ ಸಿಕ್ಕಾಕ್ಕೊಂಡಿದ್ದೀನಿ. ಲಿನಕ್ಸ್ ಕರ್ನಲ್ ಸೋರ್ಸಿನ ಗಿಟ್ ಕ್ಲೋನ್ (ಇತಿಹಾಸ ಸಮೇತ ಕೋಡಿನ ನಕಲು) ಅರ್ಧ ಆಗೋದು, ಹಾಟ್‌ಸ್ಪಾಟ್ ಕಟ್ ಆಗೋದು, ಮತ್ತೆ ಸೊನ್ನೆಯಿಂದ. ನಮ್ಮೂರಲ್ಲಿ ಫೈಬರ್ ಇಲ್ಲ.

ಕೆಜಿಎಫ್_ಶಾಫ್ಟ್ (ಕೆಜಿಎಫ್)

ಗಿಟ್ ಕ್ಲೋನ್ ನಿಂತಲ್ಲಿಂದ ಮುಂದುವರಿಯುವುದಿಲ್ಲ. ಕರ್ನಲ್ ಗಿಟ್ ಎಂದರೆ ವರ್ಷಗಳ ಇತಿಹಾಸ ಪೂರ್ತಿ, ಗಿಗಾಬೈಟ್‌ಗಳಲ್ಲಿ. ಆದ್ದರಿಂದ ಡೌನ್‌ಲೋಡನ್ನು ಕಂಪೈಲಿನಿಂದ ಬೇರೆ ಮಾಡಿ. ‘ಬಿಟ್‌ಬೇಕ್ ಕೋರ್-ಇಮೇಜ್-ಮಿನಿಮಲ್ --ರನ್‌ಆಲ್=ಫೆಚ್’ ಎಂದರೆ ಬೇಕಾದದ್ದನ್ನೆಲ್ಲ ತಂದಿಟ್ಟು ನಿಲ್ಲುತ್ತದೆ, ಒಂದು ಸಾಲೂ ಕಂಪೈಲ್ ಮಾಡುವುದಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಒಳ್ಳೆಯ ಇಂಟರ್ನೆಟ್ ಇರುವ ಕಡೆ ಹೋಗಿ, ಕಾಲೇಜೋ, ಬೆಂಗಳೂರಿನ ಸ್ನೇಹಿತನ ರೂಮೋ. ಅಲ್ಲಿ ಅದೊಂದನ್ನೇ ಮುಗಿಸಿಕೊಂಡು ಬನ್ನಿ. ಮನೆಗೆ ಬಂದು ‘ಬಿಬಿ_ನೋ_ನೆಟ್‌ವರ್ಕ್’ 1 ಮಾಡಿ ಬಿಲ್ಡ್ ಹಚ್ಚಿ. ಏನಾದರೂ ಬಿಟ್ಟುಹೋಗಿದ್ದರೆ ಕೂಡಲೇ ಗೊತ್ತಾಗುತ್ತದೆ.

ಇನ್ನೂ ಒಂದು ಉಪಾಯವಿದೆ. ನಮ್ಮ ಲ್ಯಾಬಿನಲ್ಲಿ ‘ಬಿಬಿ_ಜನರೇಟ್_ಮಿರರ್_ಟಾರ್‌ಬಾಲ್ಸ್’ 1 ಮಾಡಿಟ್ಟಿದ್ದೇವೆ. ಗಿಟ್‌ನಿಂದ ಬಂದದ್ದನ್ನೂ ಅದು ಟಾರ್‌ಬಾಲ್ (ಕಡತಗಳನ್ನೆಲ್ಲ ಕಟ್ಟಿದ ಒಂದೇ ಫೈಲ್) ಮಾಡಿ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇಡುತ್ತದೆ. ಆ ಟಾರ್‌ಬಾಲುಗಳನ್ನು ಯಾವ ಪೆನ್‌ಡ್ರೈವ್, ಯಾವ ಹಾರ್ಡ್‌ಡಿಸ್ಕಿಗೆ ಬೇಕಾದರೂ ನಕಲು ಮಾಡಬಹುದು, ಅದು ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ ಇದ್ದರೂ ಪರವಾಗಿಲ್ಲ. ಪಡೆದವರು ‘ಓನ್-ಮಿರರ್ಸ್’ ಇನ್‌ಹೆರಿಟ್ ಮಾಡಿ ‘ಸೋರ್ಸ್_ಮಿರರ್_ಯುಆರ್‌ಎಲ್’ಗೆ ಆ ಫೋಲ್ಡರ್ ತೋರಿಸಿದರೆ ಬಿಟ್‌ಬೇಕ್ ಮೊದಲು ಅಲ್ಲಿ ಹುಡುಕುತ್ತದೆ. ಟಾರ್‌ಬಾಲ್ ಮಾತ್ರ ಎಲ್ಲಿದ್ದರೂ ನಡೆಯುತ್ತದೆ. ಬಿಲ್ಡ್ ಆಗುವ ಜಾಗ ಇಎಕ್ಸ್‌ಟಿ4ನಂಥ ಲಿನಕ್ಸ್ ಫೈಲ್ ಸಿಸ್ಟಮ್ ಆಗಿರಬೇಕು. ನಿಮ್ಮ ಡಿ ಡ್ರೈವ್ ಸೋತದ್ದು ಅದಕ್ಕೇ.

ಗೂಡು_ಮಾರ್ಕೆಟ್ (ಶಿಡ್ಲಘಟ್ಟ)

ಸಾರ್, ಆ ಟಾರ್‌ಬಾಲುಗಳು ಸಿಗಬಹುದಾ? ಹಾರ್ಡ್‌ಡಿಸ್ಕ್ ತಗೊಂಡು ಬರ್ತೀನಿ. ಎಸ್‌ಸ್ಟೇಟೂ ಕೊಟ್ರೆ ಕಂಪೈಲೇ ಬೇಡ್ವಲ್ಲ?

ಕೆಜಿಎಫ್_ಶಾಫ್ಟ್ (ಕೆಜಿಎಫ್)

ಬನ್ನಿ, ಕೊಡುತ್ತೇನೆ. ಎಸ್‌ಸ್ಟೇಟ್ ಕೊಡಬಹುದು, ಆದರೆ ಅದರಿಂದ ಲಾಭವಾಗಬೇಕಾದರೆ ನಿಮ್ಮ ಪೋಕಿ, ಮೆಟಾ-ರಾಸ್ಪ್‌ಬೆರಿಪೈ, ಮೆಟಾ-ಓಪನ್‌ಎಂಬೆಡೆಡ್ ಈ ಮೂರೂ ಲೇಯರುಗಳು ನಮ್ಮ ಕಮಿಟ್ಟಿನಲ್ಲೇ (ಗಿಟ್‌ನ ಅದೇ ಹಂತದಲ್ಲೇ) ಇರಬೇಕು. ಪ್ರತಿ ಕೆಲಸಕ್ಕೂ ಅದರ ಒಳಸುರಿಗಳಿಂದ ಒಂದು ಹ್ಯಾಶ್ (ಬೆರಳಚ್ಚಿನಂಥ ಗುರುತು) ಹುಟ್ಟುತ್ತದೆ. ಹ್ಯಾಶ್ ಕೂಡಿದರೆ ಗಂಟು ಬಿಚ್ಚಿ ಬಳಸುತ್ತದೆ, ಕೂಡದಿದ್ದರೆ ಕಟ್ಟುತ್ತದೆ. ನಾವು ಮೂರೂ ಲೇಯರಿನ ಕಮಿಟ್ ಸಂಖ್ಯೆಯನ್ನು ಒಂದು ‘ಕಾಸ್’ (ಲೇಯರುಗಳನ್ನು ಹೊಂದಿಸುವ ಸಾಧನ) ಫೈಲಿನಲ್ಲಿ ಬರೆದಿಟ್ಟಿದ್ದೇವೆ. ಆ ಫೈಲೂ ತೆಗೆದುಕೊಂಡು ಹೋಗಿ.

ಶಾಖೆಗಳ ಹೆಸರು ಕೂಡುವುದೂ ಮುಖ್ಯ. ಪೋಕಿ ಸ್ಕಾರ್ತ್‌ಗ್ಯಾಪ್ ಇಟ್ಟು ಮೆಟಾ-ರಾಸ್ಪ್‌ಬೆರಿಪೈಯನ್ನು ಮಾಸ್ಟರ್ ಶಾಖೆಯಲ್ಲಿ ಬಿಟ್ಟರೆ ‘ಈ ಲೇಯರ್ ಹೊಂದಿಕೆಯಾಗುವುದಿಲ್ಲ’ ಎಂದು ನಿಲ್ಲಬಹುದು. ಹೊಂದಿಕೆಯ ಸಾಲನ್ನು ತಿದ್ದಿ ದಾಟಿಸುವ ಉಪಾಯ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಅದನ್ನು ಮಾಡಬೇಡಿ.

ಚಿಂತಾಮಣಿ_ಕಡ್ಲೆ (ಚಿಂತಾಮಣಿ)

ಹಳೇ ಬ್ಲಾಗ್ ನೋಡಿ ನಕಲು ಮಾಡೋರಿಗೂ ಒಂದು ಮಾತು. ‘ಇಮೇಜ್_ಇನ್‌ಸ್ಟಾಲ್_ಅಪೆಂಡ್’ ಅಂತ ಅಡ್ಡಗೆರೆ ಹಾಕಿ ಬರೆದಿದ್ರೆ ಅದು ಹಳೇ ಶೈಲಿ. 2021ರ ಹೊನಿಸ್ಟರ್ ಆವೃತ್ತಿಯಿಂದ ಅಪೆಂಡಿನ ಹಿಂದೆ ಕೋಲನ್. ‘ಇಮೇಜ್_ಇನ್‌ಸ್ಟಾಲ್:ಅಪೆಂಡ್’. ಉದ್ಧರಣೆ ಚಿಹ್ನೆ ತೆರೆದ ಕೂಡಲೇ ಒಂದು ಸ್ಪೇಸ್ ಬಿಡಿ, ಇಲ್ಲ ಅಂದ್ರೆ ಹಿಂದಿನ ಪ್ಯಾಕೇಜ್ ಹೆಸರಿಗೆ ನಿಮ್ಮದು ಅಂಟ್ಕೊಂಡು ಯಾರಿಗೂ ಗೊತ್ತಿಲ್ಲದ ಹೊಸ ಪ್ಯಾಕೇಜ್ ಹುಟ್ಟುತ್ತೆ.

ಗೂಡು_ಮಾರ್ಕೆಟ್ (ಶಿಡ್ಲಘಟ್ಟ)

ಹಾರ್ಡ್‌ಡಿಸ್ಕ್ ಕೆಲಸ ಮಾಡ್ತು! ಕೆಜಿಎಫ್ ಸಾರ್‌ಗೆ ದೊಡ್ಡ ನಮಸ್ಕಾರ. ಕ್ಯೂಎಮುನಲ್ಲಿ (ಲ್ಯಾಪ್‌ಟಾಪ್ ಒಳಗೇ ಬೋರ್ಡಿನ ಅನುಕರಣೆ) ಮಿನಿಮಲ್ ಇಮೇಜ್ ಬೂಟ್ ಆಯ್ತು. ‘ರನ್‌ಕ್ಯೂಎಮು ಸ್ಲಿರ್ಪ್ ನೋಗ್ರಾಫಿಕ್’ ಕೊಟ್ಟೆ, ಲಾಗಿನ್ ಬಂತು. ಹೊರಗೆ ಬರೋದು ಹೇಗೆ ಅಂತ ತಿಳೀದೆ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ, ಕಂಟ್ರೋಲ್-ಎ ಒತ್ತಿ ಬಿಟ್ಟು ಎಕ್ಸ್ ಅಂತೆ.

ನಡುವೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆಗಿತ್ತು, ಬ್ಯಾಟರಿ ವೀಕು. ಮತ್ತೆ ಹಚ್ಚಿದಾಗ ಮುಗಿದಿದ್ದನ್ನ ಬಿಟ್ಟು ಮುಂದಿನದಕ್ಕೇ ಹೋಯ್ತು. ಒಂದು ರೆಸಿಪಿ ಮಾತ್ರ ‘ಫೈಲ್ ಫಾರ್ಮ್ಯಾಟ್ ಗುರುತಿಸೋಕಾಗಲ್ಲ’ ಅಂತ ಹಠ ಹಿಡೀತು.

ಕಲ್ಪತರು_ಕರ್ನಲ್ (ತುಮಕೂರು)

ಆಫ್ ಆಗೋವಾಗ ಅರ್ಧ ಬರೆದ ಆಬ್ಜೆಕ್ಟ್ ಫೈಲ್ ಅದು. ಮೇಕ್ ಕಣ್ಣಿಗೆ ಫೈಲ್ ಇದೆ, ಲಿಂಕರ್ ತೆರೆದು ನೋಡಿದ್ರೆ ಒಳಗೆ ಏನೂ ಇಲ್ಲ. ‘ಬಿಟ್‌ಬೇಕ್ -ಸಿ ಕ್ಲೀನ್‌ಎಸ್‌ಸ್ಟೇಟ್’ ಜೊತೆ ಆ ರೆಸಿಪಿ ಹೆಸರು ಕೊಡು, ಅದೊಂದೇ ಮತ್ತೆ ಆಗುತ್ತೆ. ‘ಕ್ಲೀನ್‌ಆಲ್’ ಕೊಡಬೇಡ, ಅದು ಡೌನ್‌ಲೋಡನ್ನೂ ಅಳಿಸುತ್ತೆ. ಅಷ್ಟು ದೂರದಿಂದ ಹೊತ್ತು ತಂದಿದ್ದೀಯ.

ಈಗ ‘ಮೆಷಿನ್’ ಅನ್ನು ‘ರಾಸ್ಪ್‌ಬೆರಿಪೈ3-64’ ಮಾಡು. ಕ್ಯೂಎಮುಗೆ ಅಂತ ಕಟ್ಟಿದ್ದರಲ್ಲಿ ನೇಟಿವ್ ಸಾಧನಗಳು, ಅಂದ್ರೆ ನಿನ್ನ ಲ್ಯಾಪ್‌ಟಾಪಲ್ಲಿ ಓಡೋವು, ಹಾಗೇ ಉಳಿಯುತ್ತವೆ. ಬೋರ್ಡಿನಲ್ಲಿ ಓಡೋವು ಆ ಪ್ರೊಸೆಸರ್‌ಗೆ ತಕ್ಕ ಹಾಗೆ ಮತ್ತೆ ಕಟ್ಟಬೇಕು. ಆಮೇಲೆ ‘ಎನೇಬಲ್_ಐ2ಸಿ’ 1, ‘ಎನೇಬಲ್_ಯುಎಆರ್‌ಟಿ’ 1. ‘ಐ2ಸಿ-ಡೆವ್’ ಮಾಡ್ಯೂಲ್ ತಾನಾಗೇ ಲೋಡ್ ಆಗೋಕೆ ‘ಕರ್ನಲ್_ಮಾಡ್ಯೂಲ್_ಆಟೊಲೋಡ್’. ಐ2ಸಿ ಅಂದ್ರೆ ಸೆನ್ಸರ್ ಮಾತಾಡೋ ತಂತಿ ಸಾಲು, ಅದರಲ್ಲಿ ಸೆನ್ಸರ್ 0ಎಕ್ಸ್44 ವಿಳಾಸದಲ್ಲಿ ಕಾಣಬೇಕು. 3.3 ವೋಲ್ಟಿನ ಯುಎಸ್‌ಬಿ-ಟಿಟಿಎಲ್ ಕೇಬಲ್ ಒಂದು ತಗೋ. 6ನೇ ಪಿನ್ ಗ್ರೌಂಡ್, 8 ಮತ್ತು 10 ಸೀರಿಯಲ್, ವೇಗ 1,15,200. ಸ್ವಂತ ಇಮೇಜ್ ಮಾಡೋನು ಸೀರಿಯಲ್ ಕೇಬಲ್ ಇಲ್ಲದೆ ಕೂರೋದು ಕತ್ತಲಲ್ಲಿ ಹುಳು ಹಣ್ಣಾಯ್ತಾ ಅಂತ ನೋಡಿದ ಹಾಗೆ.

ಗೂಡು_ಮಾರ್ಕೆಟ್ (ಶಿಡ್ಲಘಟ್ಟ)

ವೈಫೈ ಫರ್ಮ್‌ವೇರ್ ಹಾಕೋಕೆ ಹೋದ್ರೆ ಲೈಸೆನ್ಸ್ ಅಂತ ನಿಲ್ತು. ಡಬ್ಲ್ಯೂಎಸ್‌ಎಲ್‌ನಲ್ಲಿ ಎಸ್‌ಡಿ ಕಾರ್ಡೂ ಕಾಣಿಸ್ತಿಲ್ಲ.

ಚಿಂತಾಮಣಿ_ಕಡ್ಲೆ (ಚಿಂತಾಮಣಿ)

‘ಲೈಸೆನ್ಸ್_ಫ್ಲ್ಯಾಗ್ಸ್_ಆಕ್ಸೆಪ್ಟೆಡ್’ಗೆ ‘ಸಿನಾಪ್ಟಿಕ್ಸ್-ಕಿಲ್‌ಸ್ವಿಚ್’ ಸೇರಿಸು. ಹೆಸರು ಭಯಂಕರ, ಆದ್ರೆ ಅದು ಆ ಫರ್ಮ್‌ವೇರಿನ ಷರತ್ತು ಒಪ್ಪಿದ್ದೀನಿ ಅನ್ನೋ ಗುರುತು. ಪೆಟ್ಟಿಗೆ ಮಾರೋ ಯೋಚನೆ ಇದ್ರೆ ಆ ಷರತ್ತನ್ನ ನಿಜವಾಗಲೂ ಓದು.

ಕಾರ್ಡಿಗೆ: ಬಿಲ್ಡ್ ಕೊಟ್ಟ ಕಾರ್ಡ್ ಇಮೇಜ್, ಅಂದ್ರೆ ಡಬ್ಲ್ಯೂಐಸಿ ಡಾಟ್ ಬಿಝಡ್2 ಫೈಲನ್ನ ವಿಂಡೋಸ್ ಕಡೆಗೆ ನಕಲು ಮಾಡಿ ಬಲೇನಾ ಎಚರ್‌ನಲ್ಲಿ ಬರಿ. ನೇರ ಲಿನಕ್ಸ್ ಇರೋರು ‘ಬಿಮ್ಯಾಪ್‌ಟೂಲ್’ ಬಳಸಿ, ಖಾಲಿ ಬ್ಲಾಕುಗಳನ್ನ ಬಿಟ್ಟು ಬರೆಯೋದ್ರಿಂದ ಮಾಮೂಲಿ ‘ಡಿಡಿ’ ಆಜ್ಞೆಗಿಂತ ಬೇಗ.

ನಂದಿ_ತಪ್ಪಲು (ಚಿಕ್ಕಬಳ್ಳಾಪುರ)

ನಾನು ಹೇಳಿದ ದಾರಿಗೆ ಬರ್ಲಿಲ್ಲ, ಇರಲಿ. ಫೀಲ್ಡಿಗೆ ಇಡೋ ಮುಂಚೆ ಎರಡು ನೋಡ್ಕೋ. ‘ಎಕ್ಸ್‌ಟ್ರಾ_ಇಮೇಜ್_ಫೀಚರ್ಸ್’ನಲ್ಲಿ ಸ್ಕಾರ್ತ್‌ಗ್ಯಾಪ್ ತಾನಾಗಿ ‘ಡೀಬಗ್-ಟ್ವೀಕ್ಸ್’ ಇಟ್ಟಿರುತ್ತೆ. ಅದರರ್ಥ ರೂಟ್‌ಗೆ ಪಾಸ್‌ವರ್ಡೇ ಇಲ್ಲ. ಮೇಜಿನ ಮೇಲೆ ಅದು ಅನುಕೂಲ. 4ಜಿ ಡಾಂಗಲ್ ಸಿಕ್ಕಿಸಿ ಹುಳು ಮನೆಯಲ್ಲಿ ಇಟ್ಟರೆ ಬಾಗಿಲು ತೆಗೆದಿಟ್ಟ ಹಾಗೆಯೇ. ತೆಗೆದುಹಾಕು, ‘ಎಕ್ಸ್‌ಟ್ರಾಯೂಸರ್ಸ್’ನಲ್ಲಿ ಪಾಸ್‌ವರ್ಡ್ ಹ್ಯಾಶ್ ಕೊಡು.

ಎರಡನೇದು, ಪೈ 3ರಲ್ಲಿ ಗಡಿಯಾರದ ಚಿಪ್ ಇಲ್ಲ. ಕರೆಂಟ್ ಹೋಗಿ ಬಂದಾಗ ನೆಟ್‌ವರ್ಕ್ ಸಿಗೋವರೆಗೂ ಸಮಯ ತಪ್ಪು, ನಿನ್ನ ಬೆಳೆ ದಾಖಲೆ ಪೂರ್ತಿ ಕಲಸುಮೇಲೋಗರ. ಡಿಎಸ್3231 ಮಾಡ್ಯೂಲ್ ಹಾಕು, ಅದೂ ಐ2ಸಿ ಮೇಲೇ ಕೂರುತ್ತೆ.

ಗೂಡು_ಮಾರ್ಕೆಟ್ (ಶಿಡ್ಲಘಟ್ಟ)

‘ಇಮೇಜ್_ಫೀಚರ್ಸ್’ಗೆ ‘ರೀಡ್-ಓನ್ಲಿ-ರೂಟ್‌ಎಫ್‌ಎಸ್’ ಸೇರಿಸಿದೆ. ಬೋರ್ಡ್ ಬೂಟ್ ಆಗಿ ಸೆನ್ಸರ್ ಓದ್ತಿದೆ. ಪ್ಲಗ್ ಕಿತ್ತು ಹಾಕಿ ಕಿತ್ತು ಹಾಕಿ ನೋಡ್ತಿದ್ದೀನಿ, ಪ್ರತಿ ಸಲ ಏಳ್ತಿದೆ. ಈಗ ಉಳಿದಿರೋದು: ದಾಖಲೆ ಎಲ್ಲಿ ಬರೀಲಿ? ರೂಟ್ ಪೂರ್ತಿ ಬೀಗ. ಜೊತೆಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿದಾಗೆಲ್ಲ ‘ಹೋಸ್ಟ್ ಕೀ (ಬೋರ್ಡಿನ ಗುರುತು) ಬದಲಾಗಿದೆ’ ಅಂತ ಹೆದರಿಸುತ್ತೆ.

ಕಲ್ಪತರು_ಕರ್ನಲ್ (ತುಮಕೂರು)

ಕೀ ವಿಷಯ ನಿರೀಕ್ಷಿತ. ರೂಟ್‌ನಲ್ಲಿ ಬರೆಯೋಕಾಗದ ಕಾರಣ ಓಪನ್‌ಎಸ್‌ಎಸ್‌ಎಚ್ ಪ್ರತಿ ಬೂಟಿಗೂ ರ‍್ಯಾಮಿನಲ್ಲಿ ಹೊಸ ಕೀ ಮಾಡ್ಕೊಳ್ಳುತ್ತೆ. ಎರಡಕ್ಕೂ ಮದ್ದು ಒಂದೇ, ಮೂರನೇ ಪಾರ್ಟಿಶನ್. ಡಬ್ಲ್ಯೂಕೆಎಸ್ ಫೈಲಿನಲ್ಲಿ (ಕಾರ್ಡಿನ ಪಾರ್ಟಿಶನ್ ಪಟ್ಟಿ) ಬೂಟ್, ರೂಟ್ ಆದ್ಮೇಲೆ ಇನ್ನೊಂದು ಸಾಲು: ಇಎಕ್ಸ್‌ಟಿ4, ಹೆಸರು ‘ಡೇಟಾ’. ನಿನ್ನದೇ ಲೇಯರ್ ಒಂದು ಮಾಡಿ (‘ಬಿಟ್‌ಬೇಕ್-ಲೇಯರ್ಸ್ ಕ್ರಿಯೇಟ್-ಲೇಯರ್’) ಆ ಫೈಲ್ ಅಲ್ಲಿಡು, ‘ಡಬ್ಲ್ಯೂಕೆಎಸ್_ಫೈಲ್’ನಲ್ಲಿ ಹೆಸರು ಕೊಡು. ಮೆಟಾ-ರಾಸ್ಪ್‌ಬೆರಿಪೈ ಒಳಗೆ ಕೈ ಹಾಕಿ ತಿದ್ದಬೇಡ, ನಾಳೆ ಗಿಟ್ ಪುಲ್ ಮಾಡಿದಾಗ ಜಗಳ.

ದಾಖಲೆ, ಹೋಸ್ಟ್ ಕೀ ಎರಡೂ ಡೇಟಾದಲ್ಲಿ. ಕರೆಂಟ್ ಹೋದಾಗ ಕೆಡೋದು ಆ ಪಾರ್ಟಿಶನ್ ಮಾತ್ರ. ಬೂಟಲ್ಲಿ ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ರಿಪೇರಿ) ಓಡಿಸು. ಅದೂ ಆಗದಿದ್ರೆ ಫಾರ್ಮ್ಯಾಟ್ ಮಾಡಿ ಮುಂದಕ್ಕೆ ಹೋಗೋ ಸ್ಕ್ರಿಪ್ಟ್ ಇರಲಿ. ಕೆಲವು ದಿನದ ಲೆಕ್ಕ ಹೋಗಬಹುದು, ಪೆಟ್ಟಿಗೆ ಮಾತ್ರ ಏಳುತ್ತೆ. ಪ್ರತಿ ಸೆಕೆಂಡಿಗೆ ಬರೆಯೋದು ಬಿಡು, ರ‍್ಯಾಮಿನಲ್ಲಿ ಕೂಡಿಸಿ ಹತ್ತು ನಿಮಿಷಕ್ಕೊಮ್ಮೆ ಇಳಿಸು. ಉಷ್ಣಾಂಶ ಅಷ್ಟು ಬೇಗ ಎಲ್ಲಿಗೂ ಓಡಲ್ಲ.

ರಾಗಿಹೊಲ (ಬಂಗಾರಪೇಟೆ)

ರಿಲೇ ಮೈಕ್ರೊಕಂಟ್ರೋಲರ್‌ಗೆ ಕೊಟ್ಯಾ ಇಲ್ವಾ?

ಗೂಡು_ಮಾರ್ಕೆಟ್ (ಶಿಡ್ಲಘಟ್ಟ)

ಕೊಟ್ಟೆ ಅಣ್ಣ, ಇಎಸ್‌ಪಿ32ಗೇ. ಪೈ ಸೀರಿಯಲ್‌ನಲ್ಲಿ ಗುರಿ ಮಾತ್ರ ಹೇಳುತ್ತೆ. ಪೈನಿಂದ ಮಾತಿಲ್ಲ ಅಂದ್ರೆ ಇಎಸ್‌ಪಿ32 ಹಿಂದಿನ ಗುರಿನೇ ಹಿಡ್ಕೊಂಡು ನಡೆಸುತ್ತೆ.

ಕೊನೇದಾಗಿ: ಟಿಎಂಪಿ ಅಳಿಸಿದ್ರೂ ಸಿ ಡ್ರೈವಲ್ಲಿ ಜಾಗ ವಾಪಸ್ ಬರ್ತಿಲ್ಲ.

ಚಿಂತಾಮಣಿ_ಕಡ್ಲೆ (ಚಿಂತಾಮಣಿ)

ಡಬ್ಲ್ಯೂಎಸ್‌ಎಲ್‌ನ ವಿಎಚ್‌ಡಿಎಕ್ಸ್ ಫೈಲ್ (ಲಿನಕ್ಸ್ ಪೂರ್ತಿ ಕೂತಿರೋ ಡಿಸ್ಕ್ ಫೈಲ್) ಬೆಳೆಯುತ್ತೆ, ತಾನಾಗಿ ಕುಗ್ಗಲ್ಲ. ‘ಡಬ್ಲ್ಯೂಎಸ್‌ಎಲ್ --ಶಟ್‌ಡೌನ್’ ಕೊಟ್ಟು ವಿಂಡೋಸಿನ ‘ಡಿಸ್ಕ್‌ಪಾರ್ಟ್’ನಲ್ಲಿ ಆ ಫೈಲ್ ಆಯ್ಕೆ ಮಾಡಿ ‘ಕಾಂಪ್ಯಾಕ್ಟ್ ವಿಡಿಸ್ಕ್’ ಓಡಿಸು. ಮುಂಚೆ ಎಸ್‌ಸ್ಟೇಟಿನ ಒಂದು ನಕಲು ಹಾರ್ಡ್‌ಡಿಸ್ಕಿಗೆ ಹಾಕ್ಕೊ, ಟಾರ್ ಮಾಡಿ ಹಾಕು.